ಟ್ರೇಲರ್ ಓಲಾಡಿದರೆ ಆಕ್ಸಿಲರೇಟರ್ ಒತ್ತಬೇಕಾ? ಕಾರಿನ ಹಿಂದೆ ಮನೆ ಎಳೆಯುವವರು ಹಾಕಬೇಕಾದ ಲೆಕ್ಕ

ಈ ಬಗೆಯ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅಮೆರಿಕದ ಅಗಲವಾದ ಹೈವೇ. ಒಂದು ಎಸ್‌ಯುವಿ, ಅದರ ಹಿಂದೆ ದೊಡ್ಡದೊಂದು ಬಿಳಿ ಟ್ರೇಲರ್. ಟ್ರೇಲರ್ ಮೊದಲು ಸಣ್ಣಗೆ ಆ ಕಡೆ ಈ ಕಡೆ ಓಲಾಡುತ್ತದೆ. ಆಮೇಲೆ ಇನ್ನೂ ಜೋರಾಗಿ. ಕೆಲವೇ ಸೆಕೆಂಡಿನಲ್ಲಿ ಕಾರನ್ನೂ ಎಳೆದುಕೊಂಡು ಮಗುಚಿ ಬೀಳುತ್ತದೆ. ಕೆಳಗೆ ಒಂದು ಸಲಹೆ: "ಹೀಗಾದಾಗ ಬ್ರೇಕ್ ಒತ್ತಬೇಡಿ, ಸ್ಪೀಡ್ ಜಾಸ್ತಿ ಮಾಡಿ, ಟ್ರೇಲರ್ ತಾನಾಗಿಯೇ ನೆಟ್ಟಗಾಗುತ್ತದೆ. ಅಮೆರಿಕದಲ್ಲಿರುವ ನಿಮ್ಮವರಿಗೆಲ್ಲ ಕಳಿಸಿ."

ಸಲಹೆಯ ಮೊದಲರ್ಧ ಸರಿ. ಎರಡನೆಯ ಅರ್ಧ ಅಪಾಯಕಾರಿ. ಓಲಾಟ ಶುರುವಾದ ಮೇಲೆ ವೇಗ ಇಳಿಯಬೇಕೇ ಹೊರತು ಏರಬಾರದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ವಿಡಿಯೋದಲ್ಲಿ ಕಾಣುವ ಅಪಘಾತದ ಕಾರಣ ಸಾಮಾನ್ಯವಾಗಿ ಆ ಹೈವೇಯಲ್ಲಿ ಹುಟ್ಟಿದ್ದಲ್ಲ. ಮನೆಯ ಮುಂದೆ ಸಾಮಾನು ತುಂಬುವಾಗಲೇ ಹುಟ್ಟಿರುತ್ತದೆ.

ನಮ್ಮೂರಿನಲ್ಲಿ ಕಾರಿಗೆ ಮನೆ ಕಟ್ಟಿಕೊಂಡು ಹೋಗುವವರು ಅಪರೂಪ. ಆದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ಬೇಸಿಗೆ ರಜೆ, ಊರಿನಿಂದ ಬಂದ ಅಪ್ಪ ಅಮ್ಮ, ಹೋಟೆಲ್ ಊಟ ಒಗ್ಗದವರು, ಯೆಲ್ಲೋಸ್ಟೋನ್ ನೋಡುವ ಆಸೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲ ಇರುವ ಟ್ರಾವೆಲ್ ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ಇಂಥ ಟ್ರೇಲರ್‌ಗೆ ಸ್ವಂತ ಎಂಜಿನ್ ಇಲ್ಲ. ಮನೆಯ ಕಾರೇ ಅದನ್ನು ಎಳೆಯಬೇಕು. ಹಾಗಾಗಿ ಈ ಫಾರ್ವರ್ಡ್ ಮೈಸೂರಿನಿಂದ ಡಲ್ಲಾಸ್‌ಗೆ ಹೋದರೆ, ಅಲ್ಲಿ ಅದನ್ನು ನಂಬಿ ಕಾಲಿಟ್ಟು ಒತ್ತುವವರೂ ಇರಬಹುದು.

ಮುಂಭಾರ, ಹಿಂಭಾರ

ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಈ ವಿಷಯದ ಅರ್ಧ ಭಾಗ ಆಗಲೇ ಗೊತ್ತು. ಹೊರೆ ಹಿಂದಕ್ಕೆ ಹೆಚ್ಚಾದರೆ ಗಾಡಿ ಹಿಂಭಾರವಾಗಿ ನೊಗ ಎತ್ತುಗಳ ಕತ್ತಿನಿಂದ ಮೇಲೇಳುತ್ತದೆ. ಮುಂದಕ್ಕೆ ಹೆಚ್ಚಾದರೆ ಮುಂಭಾರವಾಗಿ ಕತ್ತು ಅದುಮುತ್ತದೆ. ಅನುಭವಿಗಳು ಹೊರೆಯನ್ನು ಅಚ್ಚಿನ ಮೇಲೆ ಸರಿದೂಗಿಸಿ, ನೊಗದ ಮೇಲೆ ಸ್ವಲ್ಪವೇ ಸ್ವಲ್ಪ ಭಾರ ಬೀಳುವಂತೆ ಇಡುತ್ತಾರೆ.

ಟ್ರಾವೆಲ್ ಟ್ರೇಲರ್ ಕೂಡ ಹೀಗೇ. ಅದರ ಮುಂದೆ ಚಾಚಿಕೊಂಡ ಕಬ್ಬಿಣದ ಮೂಕಿ ಕಾರಿನ ಹಿಂಬದಿಯ ಒಂದು ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಆ ಗುಂಡನ್ನು ಮೂಕಿ ಎಷ್ಟು ಭಾರದಿಂದ ಕೆಳಕ್ಕೆ ಒತ್ತುತ್ತದೋ ಅದೇ ಟಂಗ್ ವೇಯ್ಟ್. ಅಮೆರಿಕದಲ್ಲಿ ಬಳಸುವ ಲೆಕ್ಕದಂತೆ ಇದು ತುಂಬಿದ ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. 2000 ಕೆಜಿಯ ಟ್ರೇಲರ್ ಆದರೆ 200ರಿಂದ 300 ಕೆಜಿ.

ಇದಕ್ಕಿಂತ ಕಡಿಮೆಯಾದರೆ ಏನಾಗುತ್ತದೆ ಎಂದು ತೋರಿಸುವ ಇನ್ನೊಂದು ವಿಡಿಯೋ ಕೂಡ ಓಡಾಡುತ್ತದೆ, ಅದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ. ಓಡುತ್ತಿರುವ ಬೆಲ್ಟ್ ಮೇಲೆ ಆಟಿಕೆ ಕಾರು, ಆಟಿಕೆ ಟ್ರೇಲರ್. ತೂಕದ ಬಿಲ್ಲೆಗಳನ್ನು ಟ್ರೇಲರ್‌ನ ಮುಂದಿನ ಭಾಗದಲ್ಲಿ ಇಟ್ಟಾಗ ಬೆರಳಿನಿಂದ ತಳ್ಳಿದರೂ ಅದು ಎರಡು ಸಲ ಅಲುಗಿ ನೆಟ್ಟಗಾಗುತ್ತದೆ. ಅದೇ ಬಿಲ್ಲೆಗಳನ್ನು ಹಿಂದಕ್ಕೆ ಸರಿಸಿ ತಳ್ಳಿದರೆ, ಹಾವಿನ ಬಾಲದಂತೆ ಬೀಸಿ ಬೀಸಿ ಕಾರನ್ನೇ ತಿರುಗಿಸಿ ಹಾಕುತ್ತದೆ. ಒಟ್ಟು ತೂಕ ಎರಡು ಸಲವೂ ಒಂದೇ. ಬದಲಾಗಿದ್ದು ತೂಕ ಕೂತ ಜಾಗ ಮಾತ್ರ.

ನಿಜವಾದ ಟ್ರೇಲರ್‌ನಲ್ಲಿ ಈ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ನೋಡಿ. 1800 ಕೆಜಿ ತೂಗುವ, ಅದರಲ್ಲಿ ಶೇ. 12ರಷ್ಟು ಅಂದರೆ 216 ಕೆಜಿ ಮುಂದಿನ ಗುಂಡಿನ ಮೇಲಿರುವ ಒಂದು ಟ್ರೇಲರ್ ತೆಗೆದುಕೊಳ್ಳಿ. ಗುಂಡಿನಿಂದ ಅಚ್ಚಿಗೆ 4.5 ಮೀಟರ್. ಹೊರಡುವ ಬೆಳಿಗ್ಗೆ ಮಕ್ಕಳ ಸೈಕಲ್‌ಗಳು ನೆನಪಾಗಿ, ಸ್ಟ್ಯಾಂಡ್ ಸಮೇತ 60 ಕೆಜಿಯನ್ನು ಟ್ರೇಲರ್‌ನ ಹಿಂದೆ, ಅಚ್ಚಿನಿಂದ 3.6 ಮೀಟರ್ ದೂರದಲ್ಲಿ ನೇತು ಹಾಕಿದರು ಅನ್ನೋಣ. ಹಿಂದೆ ಬಿದ್ದ 60 ಕೆಜಿ, ಏತದ ಹಾಗೆ ಮುಂದಿನ ಮೂಕಿಯನ್ನು 48 ಕೆಜಿಯಷ್ಟು ಮೇಲೆತ್ತುತ್ತದೆ. ಈಗ ಗುಂಡಿನ ಮೇಲೆ ಉಳಿದದ್ದು 168 ಕೆಜಿ, ಒಟ್ಟು ತೂಕ 1860. ಶೇ. 12 ಇದ್ದದ್ದು ಶೇ. 9ಕ್ಕೆ ಇಳಿಯಿತು. ಎರಡು ಮೂರು ಸೈಕಲ್, ಅಷ್ಟೇ.

ಹಾಗೆಯೇ ನೀರು. ಒಂದು ಲೀಟರ್ ನೀರು ಒಂದು ಕೆಜಿ. 40 ಗ್ಯಾಲನ್‌ನ ಟ್ಯಾಂಕ್ ತುಂಬಿದರೆ ಸುಮಾರು 150 ಕೆಜಿ. ಆ ಟ್ಯಾಂಕ್ ಅಚ್ಚಿನ ಮುಂದಿದೆಯೋ ಹಿಂದಿದೆಯೋ ಎಂಬುದು ಪ್ರತಿ ಮಾಡೆಲ್‌ಗೂ ಬೇರೆ. ಹಿಂದಿದ್ದರೆ ತುಂಬಿಕೊಂಡು ಹೈವೇ ಹತ್ತಬೇಡಿ, ಕ್ಯಾಂಪ್ ಹತ್ತಿರ ತುಂಬಿಸಿಕೊಳ್ಳಿ. ಅಕ್ಕಿ ಮೂಟೆ, ಕುಕ್ಕರ್, (ಗ್ರೈಂಡರ್ ಕೂಡ ಬಿಡದವರಿದ್ದಾರೆ) ಇವೆಲ್ಲ ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ, ನೆಲಮಟ್ಟದಲ್ಲಿರಲಿ. ಸಾಮಾನು ಸಾಗಿಸುವ ಟ್ರೇಲರ್‌ಗಳನ್ನು ಬಾಡಿಗೆಗೆ ಕೊಡುವ ಯು-ಹಾಲ್ ಕಂಪನಿ ಹೇಳುವುದೂ ಇದನ್ನೇ: ಹೊರೆಯ ಶೇ. 60 ಮುಂದಿನ ಅರ್ಧದಲ್ಲಿರಲಿ, ವೇಗ ಗಂಟೆಗೆ 55 ಮೈಲಿ ದಾಟದಿರಲಿ.

ವೇಗ ಹೆಚ್ಚಾದರೆ ನೆಟ್ಟಗಾಗುವುದಿಲ್ಲವೇಕೆ?

ಪಕ್ಕದಲ್ಲಿ ದೊಡ್ಡ ಲಾರಿ ದಾಟುವಾಗ ಅದು ತಳ್ಳುವ ಗಾಳಿ ಟ್ರೇಲರ್‌ನ ಗೋಡೆಗೆ ಬಡಿಯುತ್ತದೆ. ಸುಮಾರು ಎಂಟಡಿ ಅಗಲ, ಹತ್ತಡಿಗೂ ಮೀರಿದ ಎತ್ತರದ ಪೆಟ್ಟಿಗೆ ಅದು, ಗಾಳಿಗೆ ಒಳ್ಳೆ ಹಾಯಿ. ಟ್ರೇಲರ್ ಒಂದು ಕಡೆ ವಾಲಿ, ಟೈರುಗಳ ಹಿಡಿತದಿಂದ ಮರಳಿ ಬರುತ್ತದೆ. ಕಡಿಮೆ ವೇಗದಲ್ಲಿ ಪ್ರತಿ ಓಲಾಟ ಹಿಂದಿನದಕ್ಕಿಂತ ಚಿಕ್ಕದಾಗಿ, ತಳ್ಳುವವರಿಲ್ಲದ ಉಯ್ಯಾಲೆಯಂತೆ ನಿಂತುಹೋಗುತ್ತದೆ. ವೇಗ ಹೆಚ್ಚಿದಷ್ಟೂ ಈ ತಣಿಯುವ ಗುಣ ಕಡಿಮೆಯಾಗುತ್ತ ಬರುತ್ತದೆ. ಒಂದು ಹಂತ ದಾಟಿದ ಮೇಲೆ ತಿರುಗಾ ಮುರುಗಾ ಆಗುತ್ತದೆ: ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದು. ಆ ಹಂತದ ವೇಗ ಎಲ್ಲರಿಗೂ ಒಂದೇ ಅಲ್ಲ. ಹಿಂಭಾರದ ಟ್ರೇಲರ್, ಕಾರಿಗಿಂತ ಬಹಳ ಭಾರವಾದ ಟ್ರೇಲರ್, ಗಾಳಿ ಕಡಿಮೆಯಿರುವ ಟೈರ್, ಚಿಕ್ಕ ಕಾರು, ಇವೆಲ್ಲ ಅದನ್ನು ಕೆಳಕ್ಕೆ ಎಳೆಯುತ್ತವೆ.

"ಸ್ಪೀಡ್ ಮಾಡಿ" ಎಂಬ ನಂಬಿಕೆ ಪೂರ್ತಿ ಗಾಳಿಮಾತಲ್ಲ ಎಂಬುದನ್ನೂ ಹೇಳಬೇಕು. ಆಕ್ಸಿಲರೇಟರ್ ಒತ್ತಿದ ಕ್ಷಣ ಕಾರು ಟ್ರೇಲರನ್ನು ಬಿಗಿಯಾಗಿ ಎಳೆಯುತ್ತದೆ, ಸಡಿಲ ಹಗ್ಗ ಎಳೆದಾಗ ನೆಟ್ಟಗಾಗುವಂತೆ ಓಲಾಟ ತುಸು ತಗ್ಗಿದಂತೆ ಕಾಣುತ್ತದೆ. ಒಮ್ಮೆ ಹೀಗೆ ಮಾಡಿ ಬಚಾವಾದವರು ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಆದರೆ ಈಗ ನೀವು ಮೊದಲಿಗಿಂತ ವೇಗದಲ್ಲಿದ್ದೀರಿ. ಎಂದಾದರೂ ಕಾಲು ತೆಗೆಯಲೇಬೇಕು, ತೆಗೆದಾಗ ಓಲಾಟ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಮರಳುತ್ತದೆ. ಮೇಲಾಗಿ ಹೊಡೆತದ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ: ಗಂಟೆಗೆ 55 ಮೈಲಿಯಿಂದ 65ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ. 18, ಶಕ್ತಿ ಹೆಚ್ಚಿದ್ದು ಸುಮಾರು ಶೇ. 40.

ಹಾಗಾದರೆ ಏನು ಮಾಡಬೇಕು? ಸ್ಟಿಯರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ, ನೇರವಾಗಿ ಹಿಡಿಯಿರಿ. ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ನೀವು ತಿರುಗಿಸುವ ಹೊತ್ತಿಗೆ ಟ್ರೇಲರ್ ಇನ್ನೊಂದು ಕಡೆ ಹೊರಟಿರುತ್ತದೆ, ನಿಮ್ಮ ಕೈಯೇ ಉಯ್ಯಾಲೆ ತಳ್ಳಿದಂತಾಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾರಿನ ಬ್ರೇಕ್ ಪೆಡಲ್ ಗಬಕ್ಕನೆ ತುಳಿಯಬೇಡಿ, ಮುಂದಿನ ಕಾರು ನಿಧಾನಿಸಿದಾಗ ಹಿಂದಿನ ಎರಡು ಟನ್ ಅದನ್ನು ಓರೆಯಾಗಿ ತಳ್ಳಿ ಚಾಕುವಿನಂತೆ ಮಡಚಿಬಿಡಬಹುದು. ಬದಲಿಗೆ, ಡ್ಯಾಶ್‌ಬೋರ್ಡಿನಲ್ಲಿ ಇರುವ ಬ್ರೇಕ್ ಕಂಟ್ರೋಲರ್‌ನ ಚಿಕ್ಕ ಹಿಡಿಯನ್ನು ಕೈಯಿಂದ ಒತ್ತಿ. ಅದು ಟ್ರೇಲರ್‌ನ ಬ್ರೇಕನ್ನು ಮಾತ್ರ ಹಿಡಿಯುತ್ತದೆ. ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದಂತೆ ಟ್ರೇಲರ್ ನೆಟ್ಟಗಾಗುತ್ತದೆ, ವೇಗವೂ ಇಳಿಯುತ್ತದೆ. ಫಾರ್ವರ್ಡ್ ಹೇಳುವ "ಹಗ್ಗ ಬಿಗಿ ಮಾಡುವ" ಕೆಲಸ ಆಗಬೇಕಾದದ್ದು ಹೀಗೆ.

ಈ ಹಿಡಿ ಎಲ್ಲಿದೆ ಎಂದು ಹೊರಡುವ ಮೊದಲು ಕಣ್ಣು ಮುಚ್ಚಿಕೊಂಡೇ ಮುಟ್ಟಿ ನೋಡಿ. ಓಲಾಟ ನಿಂತ ಮೇಲೆ "ಸದ್ಯ, ಪಾರಾದೆವು" ಎಂದು ಅದೇ ವೇಗಕ್ಕೆ ಮರಳುವುದಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹೊರೆ ಮತ್ತು ಟೈರ್ ನೋಡಬೇಕು.

"ನಮ್ಮ ಗಾಡಿ 5000 ಪೌಂಡ್ ಎಳೆಯುತ್ತೆ"

ಅಮೆರಿಕದ ಕುಟುಂಬಗಳಲ್ಲಿ ಸಾಮಾನ್ಯವಾದ ಮೂರು ಸಾಲಿನ ಸೀಟಿನ ಎಸ್‌ಯುವಿಗಳಾದ ಟೊಯೋಟಾ ಹೈಲ್ಯಾಂಡರ್, ಹೋಂಡಾ ಪೈಲಟ್, ಕಿಯಾ ಟೆಲ್ಲುರೈಡ್ ಇವುಗಳ ಹಲವು ಮಾಡೆಲ್‌ಗಳಿಗೆ 5000 ಪೌಂಡ್, ಅಂದರೆ ಸುಮಾರು 2270 ಕೆಜಿ ಎಳೆಯುವ ಸಾಮರ್ಥ್ಯ ಎಂದು ಕಂಪನಿಗಳು ಹೇಳುತ್ತವೆ. ಈ ಸಂಖ್ಯೆ ಸುಳ್ಳಲ್ಲ. ಹಿಂದೆ ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ಅಳೆಯುತ್ತಿತ್ತು, ಈಗ ಜೆ2807 ಎಂಬ ಎಸ್‌ಎಇ ಮಾನದಂಡವಿದೆ. ಅದರ ಪರೀಕ್ಷೆಯ ಒಂದು ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 18 ಕಿ.ಮೀ. ಏರುದಾರಿಯನ್ನು ಮಾದರಿಯಾಗಿ ಇಟ್ಟುಕೊಂಡದ್ದು, ಸುಡುವ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹತ್ತಬೇಕು.

ಆದರೆ ಆ ಲೆಕ್ಕದಲ್ಲಿ ಇಂಥ ಕಾರಿನೊಳಗೆ ಇರುವವರು ಇಬ್ಬರು, ತಲಾ 68 ಕೆಜಿ. ನಿಮ್ಮ ಕಾರಿನಲ್ಲಿ?

ಜಾಹೀರಾತು ಬಿಟ್ಟು ಚಾಲಕನ ಬಾಗಿಲು ತೆಗೆಯಿರಿ. ಬಾಗಿಲ ಕಂಬದ ಮೇಲೆ ಟೈರ್ ಒತ್ತಡ ಬರೆದ, ಹಳದಿ ಪಟ್ಟಿಯಿರುವ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟಕ್ಕಿಂತ ಹೆಚ್ಚು ಇರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಒಂದೇ ಮಾಡೆಲ್‌ನ ಎರಡು ಕಾರುಗಳಲ್ಲೂ ಇದು ಬೇರೆ ಬೇರೆ ಇರಬಹುದು. ಸನ್‌ರೂಫ್, ದೊಡ್ಡ ಚಕ್ರ ಇತ್ಯಾದಿ ಸೇರಿದಷ್ಟೂ ಇದು ಕಡಿಮೆಯಾಗುತ್ತದೆ. ಮತ್ತು ಟ್ರೇಲರ್‌ನ ಟಂಗ್ ವೇಯ್ಟ್ ಕೂಡ ಇದೇ ಲೆಕ್ಕದೊಳಗೆ ಬರಬೇಕು. ಬಹಳ ಜನ ತಪ್ಪುವುದು ಇಲ್ಲೇ.

ಉದಾಹರಣೆಗೆ ಸ್ಟಿಕ್ಕರ್‌ನಲ್ಲಿ 1400 ಪೌಂಡ್ ಇದೆ ಅನ್ನೋಣ, ಅಂದರೆ 635 ಕೆಜಿ. ಗಂಡ ಹೆಂಡತಿ 150, ಊರಿನಿಂದ ಬಂದ ಹಿರಿಯರಿಬ್ಬರು 130, ಇಬ್ಬರು ಮಕ್ಕಳು 70. ಒಟ್ಟು 350 ಕೆಜಿ ಹೋಯಿತು. ಕಾರಿನೊಳಗಿನ ಬ್ಯಾಗು, ಐಸ್ ಪೆಟ್ಟಿಗೆ, ಕುರುಕಲು ತಿಂಡಿ ಎಲ್ಲ ಸೇರಿ 80. ಹಿಚ್‌ನ ಕಬ್ಬಿಣ ಸುಮಾರು 40. ಉಳಿದದ್ದು 165 ಕೆಜಿ. ಟಂಗ್ ವೇಯ್ಟ್ ಇಷ್ಟರಲ್ಲೇ ಮುಗಿಯಬೇಕು. ಅದು ಟ್ರೇಲರ್‌ನ ಶೇ. 13 ಎಂದುಕೊಂಡರೆ, ತುಂಬಿದ ಟ್ರೇಲರ್ ಸುಮಾರು 1270 ಕೆಜಿ ಮೀರಬಾರದು.

2270 ಎಂದು ಹೊರಟದ್ದು 1270ಕ್ಕೆ ಬಂತು. 25 ಅಡಿ ಉದ್ದದ ಟ್ರಾವೆಲ್ ಟ್ರೇಲರ್‌ಗಳು ಸಾಮಾನ್ಯವಾಗಿ ಖಾಲಿ ಇರುವಾಗಲೇ 2000 ಕೆಜಿ ದಾಟುತ್ತವೆ. ಹಾಗಾಗಿ ಆರು ಜನರ ಕುಟುಂಬ, ಇಂಥ ಎಸ್‌ಯುವಿ, 25 ಅಡಿಯ ಟ್ರೇಲರ್, ಈ ಮೂರೂ ಒಟ್ಟಿಗೆ ಹೊಂದುವುದಿಲ್ಲ. ನನ್ನ ಕೇಳಿದರೆ ಅಂಥವರು ಚಿಕ್ಕ ಟ್ರೇಲರ್ ಹಿಡಿಯುವುದು ಅಥವಾ ಎಂಜಿನ್ ಸಮೇತದ ಮೋಟಾರ್‌ಹೋಮ್ ಬಾಡಿಗೆಗೆ ಪಡೆಯುವುದು ವಾಸಿ. "ಎಂಜಿನ್ ಪವರ್ 300 ಹಾರ್ಸ್‌ಪವರ್ ಇದೆಯಲ್ಲ" ಎನ್ನುವವರಿಗೆ: ಎಳೆಯುವುದು ಇಲ್ಲಿ ಸಮಸ್ಯೆಯೇ ಅಲ್ಲ. ನಿಲ್ಲಿಸುವುದು, ನೆಟ್ಟಗೆ ಇಟ್ಟುಕೊಳ್ಳುವುದು ಸಮಸ್ಯೆ.

ಟ್ರೇಲರ್ ಮಾರುವವರು ಹೇಳುವ "ಡ್ರೈ ವೇಯ್ಟ್" ನೋಡಿ ಲೆಕ್ಕ ಹಾಕಬೇಡಿ. ಅದರಲ್ಲಿ ನೀರು, ಪಾತ್ರೆ, ಬಟ್ಟೆ, ಆಹಾರ ಯಾವುದೂ ಇಲ್ಲ. ಟ್ರೇಲರ್‌ನ ಮೈಮೇಲಿನ ಸ್ಟಿಕ್ಕರ್‌ನಲ್ಲಿರುವ ಗರಿಷ್ಠ ಒಟ್ಟು ತೂಕವನ್ನೇ ಹಿಡಿದರೆ ಮೋಸ ಹೋಗುವುದಿಲ್ಲ. ಇನ್ನೂ ಒಳ್ಳೆಯದು, ತೂಗಿಸುವುದು. ಅಲ್ಲಿನ ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ, ನಮ್ಮ ಕಬ್ಬಿನ ಗಾಡಿ ತೂಗಿಸುವಂಥದ್ದೇ. ಮನೆಯವರೆಲ್ಲ ಕೂತ ಕಾರನ್ನು ಒಮ್ಮೆ ಒಂಟಿಯಾಗಿ, ಒಮ್ಮೆ ಟ್ರೇಲರ್ ಕಟ್ಟಿ ತೂಗಿಸಿ. ಎರಡನೆಯ ಸಲ ಕಾರಿನ ಚಕ್ರಗಳ ಮೇಲೆ ಹೆಚ್ಚಾದ ತೂಕವೇ ಟಂಗ್ ವೇಯ್ಟ್.

ಹಿಚ್ ಹಾಕಿದರೆ ಶಕ್ತಿ ಹೆಚ್ಚುತ್ತದೆಯೇ?

ಗುಂಡಿನ ಮೇಲೆ 250 ಕೆಜಿ ಬಿತ್ತು ಅನ್ನಿ. ಅದು ಕಾರಿನ ಹಿಂದಿನ ಚಕ್ರಗಳಿಗಿಂತ 1.2 ಮೀಟರ್ ಹಿಂದಿದೆ, ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವೆ 2.9 ಮೀಟರ್. ಏತದ ಲೆಕ್ಕದಲ್ಲಿ ಮುಂದಿನ ಚಕ್ರಗಳ ಮೇಲಿಂದ ಸುಮಾರು 100 ಕೆಜಿ ಎದ್ದುಹೋಗುತ್ತದೆ, ಹಿಂದಿನವುಗಳ ಮೇಲೆ 350 ಕೆಜಿ ಕೂರುತ್ತದೆ. ಕಾರಿನ ಮೂತಿ ಮೇಲೆದ್ದು ಹೆಡ್‌ಲೈಟ್ ಆಕಾಶ ನೋಡುತ್ತದೆ. ದಿಕ್ಕು ತಿರುಗಿಸುವ, ಬ್ರೇಕಿನ ಬಹುಪಾಲು ಕೆಲಸ ಮಾಡುವ ಮುಂದಿನ ಟೈರುಗಳ ಹಿಡಿತವೇ ಕಡಿಮೆಯಾಯಿತು.

ಇದನ್ನು ಸರಿಪಡಿಸಲು ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದೆ. ಎರಡು ಗಟ್ಟಿ ಸ್ಪ್ರಿಂಗ್ ಸರಳುಗಳು ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲನ್ನು ಟ್ರೇಲರ್‌ನ ಚಕ್ರಗಳಿಗೂ ವಾಪಸ್ ಕಳಿಸುತ್ತವೆ. ದೊಡ್ಡ ಟ್ರೇಲರ್‌ಗೆ ಇದು ಬೇಕೇ ಬೇಕು ಎನ್ನುವಷ್ಟು ಉಪಯುಕ್ತ. ಆದರೆ ಇದು ಸ್ಟಿಕ್ಕರ್‌ನ ಸಂಖ್ಯೆಗಳನ್ನು ಹೆಚ್ಚಿಸುವುದಿಲ್ಲ, ಹಿಂಭಾರದ ಟ್ರೇಲರನ್ನು ಸರಿಮಾಡುವುದೂ ಇಲ್ಲ. ಕೆಲವು ಕಾರುಗಳ ಮ್ಯಾನ್ಯುಯಲ್‌ನಲ್ಲಿ ಇದನ್ನು ಹಾಕಲೇಬಾರದು ಎಂದೂ ಇರುತ್ತದೆ. ಓದಿಯೇ ಕೊಳ್ಳಿ. ಹೊಸ ಕಾರುಗಳ ಸ್ವೇ ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ವಿಷಯವೂ ಇಷ್ಟೇ. ಓಲಾಟವನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸಹಾಯ ಮಾಡುತ್ತದೆ, ತಪ್ಪು ಹೊರೆಯನ್ನು ಸರಿಸಿ ಇಡುವುದಿಲ್ಲ.

"ಯೂರೋಪಿನಲ್ಲಿ ಇದೇ ಕಾರು ಹೆಚ್ಚು ಎಳೆಯುತ್ತದೆ, ಅಮೆರಿಕದಲ್ಲಿ ದೊಡ್ಡ ಗಾಡಿ ಮಾರಲು ಕಡಿಮೆ ಹೇಳುತ್ತಾರೆ" ಎಂಬ ಮಾತೂ ಸುತ್ತುತ್ತಿರುತ್ತದೆ. ಕೆಲವು ಕಾರುಗಳಿಗೆ ಅಲ್ಲಿ ಹೆಚ್ಚಿನ ಸಂಖ್ಯೆ ಇರುವುದು ಹೌದು. ಆದರೆ ಅಲ್ಲಿ ಟ್ರೇಲರ್ ಎಳೆಯುವವರು ನಿಧಾನ. ಜರ್ಮನಿಯಲ್ಲಿ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ., ವಿಶೇಷ ಅನುಮತಿ ಇದ್ದರೆ 100. ಬ್ರಿಟನ್ನಿನ ಮೋಟಾರ್‌ವೇಯಲ್ಲಿ 60 ಮೈಲಿ, ಅಂದರೆ 96 ಕಿ.ಮೀ. ಮೂಕಿಯ ಭಾರವನ್ನೂ ಅಲ್ಲಿ ಶೇ. 5ರಿಂದ 7ರಷ್ಟೇ ಇಡುತ್ತಾರೆ, ಆ ವೇಗಕ್ಕೂ ಅಲ್ಲಿನ ಹಗುರ ಕ್ಯಾರವಾನ್‌ಗಳ ವಿನ್ಯಾಸಕ್ಕೂ ಅದು ಸಾಕು. ಹೊಸಬರು ಕಾರಿನ ತೂಕದ ಶೇ. 85 ಮೀರಿದ ಕ್ಯಾರವಾನ್ ಎಳೆಯಬಾರದು ಎಂಬ ಸಲಹೆ ಬ್ರಿಟನ್ನಿನದ್ದೇ. ಅಲ್ಲಿನ ಸಂಖ್ಯೆಯನ್ನು ಮಾತ್ರ ತಂದು, ಅಲ್ಲಿನ ವೇಗವನ್ನು ಬಿಟ್ಟು, ಟೆಕ್ಸಾಸ್‌ನಲ್ಲಿ 75 ಮೈಲಿಯಲ್ಲಿ ಓಡಿಸಿದರೆ ಲೆಕ್ಕ ತಪ್ಪುತ್ತದೆ. ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ ಟ್ರೇಲರ್ ಎಳೆಯುವ ವಾಹನಗಳಿಗೆ 55 ಮೈಲಿಯ ಮಿತಿ ಹಾಕಿದೆ.

ಇಳಿಜಾರು, ಬ್ರೇಕು, ಟೈರು

ಚಾರ್ಮಾಡಿ ಘಾಟಿ ಇಳಿಯುವ ಲಾರಿಯವರು ಗೇರಿನಲ್ಲೇ ಇಳಿಸುವುದನ್ನು ನೋಡಿರುತ್ತೀರಿ. ರಾಕಿ ಪರ್ವತದಲ್ಲೂ ನಿಯಮ ಅದೇ: ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟು, ತಣಿಯಲು ಬಿಡಿ. ಏರಿಗಿಂತ ಇಳಿಜಾರಿನಲ್ಲೇ ಓಲಾಟ ಹೆಚ್ಚು ಎಂಬುದೂ ನೆನಪಿರಲಿ, ಯಾಕೆಂದರೆ ಅಲ್ಲಿ ಟ್ರೇಲರ್ ಕಾರನ್ನು ತಳ್ಳುತ್ತಿರುತ್ತದೆ.

ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ 3000 ಪೌಂಡ್ (1360 ಕೆಜಿ) ಮೀರಿದರೆ ಅದು ಕಡ್ಡಾಯ, ಕ್ಯಾಲಿಫೋರ್ನಿಯಾದಲ್ಲಿ 1500 ಪೌಂಡ್‌ಗೇ. ಆ ಬ್ರೇಕ್ ಕೆಲಸ ಮಾಡಬೇಕಾದರೆ ಕಾರಿನಲ್ಲಿ ಕಂಟ್ರೋಲರ್ ಇರಬೇಕು. ಇಲ್ಲದಿದ್ದರೆ ಟ್ರೇಲರ್ ಬಾಡಿಗೆಗೆ ತರುವ ಮೊದಲೇ ಹಾಕಿಸಿ. ಸುರಕ್ಷತೆಯ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟುವುದು, ಗುಂಡಿನಿಂದ ಮೂಕಿ ಕಳಚಿದರೂ ನೆಲಕ್ಕೆ ಕುಕ್ಕದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲಲಿ ಎಂದು.

ಟ್ರೇಲರ್ ಟೈರುಗಳು ಬೇರೆ ಜಾತಿಯವು, ಹಲವಕ್ಕೆ ಗಂಟೆಗೆ 65 ಮೈಲಿಯೇ ಮಿತಿ. ವರ್ಷದ ಬಹುಪಾಲು ನಿಂತಲ್ಲೇ ಇರುವುದರಿಂದ ಪಟ್ಟೆ ಹೊಸದರಂತಿದ್ದರೂ ರಬ್ಬರ್ ಹಳತಾಗಿರುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ.

ಕೊನೆಯದಾಗಿ, "ದಾರಿ ಉದ್ದ, ಅಜ್ಜಿ ಮಕ್ಕಳನ್ನು ಕರೆದುಕೊಂಡು ಟ್ರೇಲರ್‌ನ ಹಾಸಿಗೆಯಲ್ಲೇ ಮಲಗಿ ಬರಲಿ" ಎನ್ನುವ ಯೋಚನೆ. ಬ್ರಿಟನ್ನಿನಲ್ಲಿ ಎಳೆಯುತ್ತಿರುವ ಕ್ಯಾರವಾನ್‌ನೊಳಗೆ ಜನ ಇರುವುದು ಕಾನೂನುಬಾಹಿರ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ, ಟ್ರಾವೆಲ್ ಟ್ರೇಲರ್‌ಗೆ ಬಹಳ ಕಡೆ ನಿಷೇಧವೇ ಇದೆ. ಕಾನೂನು ಬಿಟ್ಟುಬಿಡಿ, ಆ ಹಾಸಿಗೆಗೆ ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಗೋಡೆ ತೆಳು ಹಲಗೆಯದ್ದು, ಮತ್ತು ಓಲಾಡಿದರೆ ಮೊದಲು ಓಲಾಡುವುದು ಅದೇ. ಆರು ಜನ ಹೊರಟರೆ ಆರು ಜನವೂ ಕಾರಿನಲ್ಲಿ, ಬೆಲ್ಟ್ ಹಾಕಿಕೊಂಡು, ಮತ್ತು ಆರು ಜನರ ತೂಕವೂ ಬಾಗಿಲ ಸ್ಟಿಕ್ಕರ್‌ನ ಲೆಕ್ಕದಲ್ಲಿ.